ವಿದ್ಯಾಪೀಠವೂ ನೆರೆಹೊರೆಯೂ

ವಿಶ್ವವಿದ್ಯಾನಿಲಯವು ಹೊರಗಿನ ಸಂಸ್ಥೆಯೊಂದರೊಡನೆ ಒಡಂಬಡಿಕೆ ಮಾಡಿಕೊಂಡಿತೆಂಬ ವಾರ್ತೆಯನ್ನು ನಾವು ಆಗಾಗ ಓದುತ್ತೇವೆ. ಆದರೆ ಅದರಿಂದ ವಿದ್ಯಾರ್ಥಿಗೂ ನೆರೆಯ ಜನಕ್ಕೂ ಹಿತವಾಗುವುದು ಯಾವಾಗ ಎಂಬ ಪ್ರಶ್ನೆಗೆ ಸಹಿಯಾದ ಪತ್ರದಲ್ಲಿ ಉತ್ತರ ದೊರೆಯಲಾರದು. ತಾನು ಮಾಡುವ ಕೆಲಸ ಕೆಟ್ಟರೆ ಮತ್ತೊಬ್ಬರಿಗೆ ಹಾನಿಯೆಂಬ, ಸರಿಹೋದರೆ ಮತ್ತೊಬ್ಬರ ಬಾಳು ಹಸನಾಗುವುದೆಂಬ ಹೊಣೆ ವಿದ್ಯಾರ್ಥಿಯ ಹೆಗಲಿಗೇರಿದಾಗ ಮಾತ್ರ ಅಂಥ ಸಹಯೋಗ ಸಾರ್ಥಕವೆಂದು ನನ್ನ ದೃಢವಾದ ನಂಬಿಕೆ.

ಮೈಸೂರಿಗೆ ಇದು ಅಪರಿಚಿತ ವಿಷಯವಲ್ಲ. 1916ರಲ್ಲಿ ಸ್ಥಾಪಿತವಾದ ನಮ್ಮ ವಿಶ್ವವಿದ್ಯಾನಿಲಯವು ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಕಲಿತವರಿಗೆ ಪದವಿ ನೀಡಿದೆ. 1965ರಲ್ಲಿ ಹುಟ್ಟಿ ಮಾನಸಗಂಗೋತ್ರಿಯ ಆವರಣದಲ್ಲಿ ನೆಲೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿದ್ಯಾರ್ಥಿಗಳಿಗೂ ಈ ವಿಶ್ವವಿದ್ಯಾನಿಲಯದ್ದೇ ಪದವಿ. ಈ ಎರಡನೆಯ ಸಂಸ್ಥೆ ಆಸ್ಪತ್ರೆಗಳಲ್ಲಿ ನಡೆಸುವ ನವಜಾತ ಶಿಶುಗಳ ಶ್ರವಣಪರೀಕ್ಷೆಯನ್ನೇ ನೋಡಿ. ಮಗು ನಿದ್ರಿಸುತ್ತಿರುವಾಗ ಅದರ ಕಿವಿಗೆ ಮೆತ್ತನೆಯ ತುದಿಯ ಸಣ್ಣ ಸಾಧನವನ್ನಿಟ್ಟು ಸದ್ದು ಕಳಿಸಿದರೆ, ಆರೋಗ್ಯವಾದ ಒಳಗಿವಿ ಅತಿ ಕ್ಷೀಣವಾದ ಮರುದನಿಯನ್ನು ಹಿಂದಿರುಗಿಸುತ್ತದೆ. ಮರುದನಿ ಬಾರದಿದ್ದರೆ ಮಗು ಕಿವುಡೆಂದು ತೀರ್ಮಾನಿಸುವಂತಿಲ್ಲ. ಹುಟ್ಟುವಾಗ ಕಿವಿಯಲ್ಲಿ ಉಳಿದ ದ್ರವವೂ ಅದಕ್ಕೆ ಕಾರಣವಾಗಬಹುದು. ಬಾಣಂತಿ ಗಾಬರಿಗೊಳ್ಳದಂತೆ, ಆದರೆ ಮರುಪರೀಕ್ಷೆಗೆ ತಪ್ಪದೆ ಬರುವಂತೆ, ಅವಳಾಡುವ ಕನ್ನಡದಲ್ಲಿಯೇ ಇದನ್ನು ತಿಳಿಹೇಳುವ ವಿದ್ಯಾರ್ಥಿನಿಗೆ ದೊರೆವ ಶಿಕ್ಷಣ ಯಾವ ಉಪನ್ಯಾಸದಿಂದಲೂ ದೊರೆಯದು. ನ್ಯೂನತೆ ಬೇಗ ಪತ್ತೆಯಾದ ಮಗುವಿಗೆ ಮಾತು ಕಲಿಯುವ ಅಮೂಲ್ಯ ಕಾಲ ವ್ಯರ್ಥವಾಗದೆ ಉಳಿಯುತ್ತದೆ.

ಇದಕ್ಕೆ ಪ್ರತಿಯಾಗಿ, ವಿದ್ಯಾರ್ಥಿಗಳು ಬಂದು ಹೋಗುವವರು, ಜನ ಅವರ ಅಭ್ಯಾಸಕ್ಕೆ ಕೇವಲ ಸಾಮಗ್ರಿಯಾಗುತ್ತಾರೆ ಎಂಬ ಆಕ್ಷೇಪವಿದೆ. ಅದು ನಿರಾಧಾರವಲ್ಲ. ವರ್ಷವರ್ಷವೂ ಬೇರೆ ಬೇರೆ ತಂಡಗಳು ಅದೇ ಮನೆಯ ಬಾಗಿಲು ತಟ್ಟಿ ಅದೇ ಪ್ರಶ್ನೆ ಕೇಳಿ, ಬರೆದುಕೊಂಡದ್ದರ ಫಲವನ್ನು ಮಾತ್ರ ಆ ಮನೆಯವರಿಗೆ ಹೇಳದೆ ಹೋದರೆ ಅದು ಅನ್ಯಾಯವೇ ಸರಿ. ತಂಡಗಳು ಬದಲಾದರೂ ಹೊಣೆ ಬದಲಾಗದಂತೆ ನೋಡಿಕೊಳ್ಳಬಲ್ಲದ್ದು ಅಲ್ಲೇ ನೆಲೆಯೂರಿದ ಹೊರಸಂಸ್ಥೆ; ಸಹಯೋಗದ ಅವಶ್ಯಕತೆ ಇರುವುದೇ ಅದಕ್ಕಾಗಿ.

ಮೈಸೂರಿನ ದಟ್ಟಗಳ್ಳಿ ಬಡಾವಣೆಯ ಸಮೀಪದಲ್ಲಿಯೇ ಇಂತಹ ಕೆಲಸವೊಂದು ಕಾದಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆ, ಹಳ್ಳಿಗಳು ಬಡಾವಣೆಗಳಾಗಿ ಬೆಳೆದಂತೆಲ್ಲ ಚರಂಡಿಯ ನೀರಿನ ಬಾಧೆಗೆ ಗುರಿಯಾಯಿತು. ರಸಾಯನಶಾಸ್ತ್ರದ ವಿದ್ಯಾರ್ಥಿ ತಿಂಗಳಿಗೊಮ್ಮೆ ಅಲ್ಲಿಯ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯಬಹುದು. ಪ್ರಾಣಿಶಾಸ್ತ್ರದವನು, ಪಕ್ಷಿಗಳನ್ನು ಬಹುಕಾಲದಿಂದ ಬಲ್ಲ ಊರಿನ ಹವ್ಯಾಸಿಗಳ ಜೊತೆ ನಿಂತು, ಚಳಿಗಾಲದ ಅತಿಥಿಗಳನ್ನು ಎಣಿಸಬಹುದು. ಮಳೆನೀರು ಹಿಂದೆ ಯಾವ ದಾರಿಯಲ್ಲಿ ಹರಿದು ಕೆರೆ ಸೇರುತ್ತಿತ್ತೆಂಬುದನ್ನು ಹೇಳಲು ಹಳೆಯ ದಟ್ಟಗಳ್ಳಿಯ ಹಿರಿಯರೇ ಗುರುಗಳಾಗಬೇಕು. ಹೀಗೆ ದೊರೆತ ಅಂಕಿಗಳನ್ನು ಕೆರೆಯ ಉಸ್ತುವಾರಿ ಹೊತ್ತ ಅರಣ್ಯ ಇಲಾಖೆಗೂ ಬಡಾವಣೆಯ ನಿವಾಸಿಗಳಿಗೂ ಕನ್ನಡದಲ್ಲಿ ಒಪ್ಪಿಸತಕ್ಕದ್ದೆಂದು ಒಡಂಬಡಿಕೆಯ ಮೊದಲ ಷರತ್ತಿನಲ್ಲೇ ಬರೆಯಿಸಬೇಕು; ಅಂಕಪಟ್ಟಿ ಕೊಡುವುದು ಆಮೇಲಿನ ಮಾತು.