ರೇಖೆಗಳಿಗೂ ಬೇಕೊಂದು ಗ್ರಂಥಾಲಯ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾನು ಆಗತಾನೇ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯಲಾರಂಭಿಸಿದ್ದೆ. ನಮ್ಮೂರಿನ ವಾಚನಾಲಯವೊಂದು ಸ್ಥಳಾಭಾವದ ಕಾರಣ ನೀಡಿ ತನ್ನಲ್ಲಿದ್ದ ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳನ್ನು ತೂಕಕ್ಕೆ ಮಾರಿಬಿಟ್ಟಿತು. ರದ್ದಿ ವ್ಯಾಪಾರಿಯ ತಕ್ಕಡಿಯ ಪಕ್ಕದಲ್ಲಿ ನಿಂತು, ಚೌಕಾಸಿ ಮಾಡಿ ಎರಡು ಕಟ್ಟುಗಳನ್ನು ಮನೆಗೆ ತಂದೆ. ಅಂದು ರಾತ್ರಿಯೆಲ್ಲ ಕತ್ತರಿ ಹಿಡಿದು ಕುಳಿತು ಕಥೆಗಳಿಗೆ ಬರೆದ ಚಿತ್ರಗಳು, ಧಾರಾವಾಹಿಗಳ ಶೀರ್ಷಿಕೆಗಳು, ಪುಟದ ಮೂಲೆ ತುಂಬಲೆಂದು ಹಾಕಿದ್ದ ಪುಟ್ಟ ವ್ಯಂಗ್ಯಚಿತ್ರಗಳು ಎಲ್ಲವನ್ನೂ ಕತ್ತರಿಸಿ ಹಳೆಯ ಲೆಕ್ಕದ ಪುಸ್ತಕಗಳಿಗೆ ಅಂಟಿಸಿದೆ. ಉಳಿದ ಕಾಗದವನ್ನು ಮರುದಿನ ಅದೇ ವ್ಯಾಪಾರಿಗೆ ಹಿಂದಿರುಗಿಸಿ ಅರ್ಧ ಹಣ ವಾಪಸು ಪಡೆದೆ.

ಆ ಪುಸ್ತಕಗಳು ಇಂದಿಗೂ ನನ್ನಲ್ಲಿವೆ. ಅವುಗಳಲ್ಲಿರುವ ಮುನ್ನೂರಕ್ಕೂ ಹೆಚ್ಚು ಚಿತ್ರಗಳು ಯಾವ ಪತ್ರಿಕೆಯವು, ಯಾವ ವರ್ಷದವು, ಯಾರ ಕಥೆಗೆ ಬರೆದವು ಎಂದು ಯಾರಾದರೂ ಕೇಳಿದರೆ ಅರ್ಧಕ್ಕಿಂತ ಹೆಚ್ಚಿನವುಗಳ ವಿಷಯದಲ್ಲಿ ನನ್ನ ಬಳಿ ಉತ್ತರವಿಲ್ಲ. ಚಿತ್ರದ ಹಿಂಬದಿಯನ್ನು ಅಂಟು ನುಂಗಿದೆ. ದಿನಾಂಕವಿದ್ದ ಪುಟದ ಅಂಚನ್ನು ನಾನೇ ಕತ್ತರಿಸಿ ಎಸೆದಿದ್ದೇನೆ. ವಾಚನಾಲಯದ ಮೇಲೆ ಅಂದು ನನಗೆ ಬಂದ ಕೋಪ ನ್ಯಾಯವಾದುದೇ. ಆದರೆ ನಾನು ಮಾಡಿದ ಕೆಲಸ ಅದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ.

ಈ ತಪ್ಪೊಪ್ಪಿಗೆಯಿಂದ ಆರಂಭಿಸಲು ಕಾರಣವಿದೆ. ಹಳೆಯ ಮುದ್ರಿತ ಸಾಮಗ್ರಿಯನ್ನು ಡಿಜಿಟಲ್ ರೂಪಕ್ಕೆ ತರುವ ಉತ್ಸಾಹ ನಾಡಿನಲ್ಲಿ ಈಗ ಸಾಕಷ್ಟಿದೆ, ಅದು ಸ್ವಾಗತಾರ್ಹ. ಈ ಶತಮಾನದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಪ್ರಮುಖ ಪಾತ್ರ ವಹಿಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಅವುಗಳಲ್ಲಿ ಹಲವು ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಇಂದೂ ಓದುಗರಿಗೆ ದೊರೆಯುತ್ತಿವೆ. ಡಾ. ಎಂ. ಶಿವರಾಂ ಅವರು, ಅಂದರೆ ನಮ್ಮೆಲ್ಲರ ‘ರಾಶಿ’ಯವರು, 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ‘ಕೊರವಂಜಿ’ಯ ಹಳೆಯ ಸಂಚಿಕೆಗಳೂ ಗಣಕದ ಪರದೆಗೆ ಬಂದಿವೆ. ಮುಂದೆ ದೇಶಕ್ಕೇ ಮನೆಮಾತಾದ ಆರ್.ಕೆ. ಲಕ್ಷ್ಮಣ್ ಅವರ ಎಳೆಯ ಕೈಯ ಗೆರೆಗಳನ್ನು ಕಾಣಬೇಕೆಂದರೆ ಕೊರವಂಜಿಯನ್ನೇ ತೆರೆಯಬೇಕು.

ಆದರೆ ಸ್ಕ್ಯಾನ್ ಆದ ನಮ್ಮ ಹಳೆಯ ಪುಸ್ತಕಗಳನ್ನು ಚಿತ್ರಕಾರನ ಕಣ್ಣಿನಿಂದೊಮ್ಮೆ ನೋಡಿ. ಬಹುತೇಕ ಪುಟಗಳು ಬರಿಯ ಕಪ್ಪು ಮತ್ತು ಬಿಳುಪು. ನಡುವಣ ಬೂದುಬಣ್ಣಕ್ಕೆ ಅಲ್ಲಿ ಸ್ಥಾನವಿಲ್ಲ. ಅಕ್ಷರಕ್ಕೆ ಅಷ್ಟು ಸಾಕು, ಓದಲು ತೊಡಕಾಗದು. ತೆಳು ಮಸಿಯನ್ನು ನೀರಿನಲ್ಲಿ ಕದಡಿ ಬರೆದ ಚಿತ್ರವಾದರೋ ಮಸಿಬಟ್ಟೆಯಂತೆ ಕಾಣುತ್ತದೆ. ಗ್ರಂಥಾಲಯದ ಬೈಂಡಿಂಗಿನಲ್ಲಿ ಮೊದಲು ಬಲಿಯಾಗುವುದು ಮುಖಪುಟ. ಹಾಗಾಗಿ ಅದು ಸ್ಕ್ಯಾನಿಗೆ ಸಿಗುವುದೇ ಇಲ್ಲ. ಗ್ರಂಥಸೂಚಿಯಲ್ಲಿ ಲೇಖಕ, ಪ್ರಕಾಶಕ, ವರ್ಷ ಎಲ್ಲ ಇರುತ್ತವೆ. ಚಿತ್ರ ಬರೆದವನ ಹೆಸರಿಗೆ ಒಂದು ಕಾಲಮ್ಮೇ ಇಲ್ಲ. ಓದು ಎಂದರೆ ಅಕ್ಷರ ಮಾತ್ರ ಎಂಬ ನಮ್ಮ ವಿದ್ಯಾವಂತರ ಹಳೆಯ ನಂಬಿಕೆಯನ್ನು ಯಂತ್ರವೂ ಚೆನ್ನಾಗಿಯೇ ಕಲಿತಿದೆ.

ವಾಸ್ತವದಲ್ಲಿ ನಮ್ಮ ತಲೆಮಾರಿನ ಓದು ಚಿತ್ರದಿಂದಲೇ ಆರಂಭವಾದದ್ದು. ಕನ್ನಡ ‘ಚಂದಮಾಮ’ 1949ರಲ್ಲಿ ಹೊರಬಂದಂದಿನಿಂದ ಎಷ್ಟೋ ಮಕ್ಕಳು ಅಕ್ಷರ ಕೂಡಿಸಿ ಓದಲು ಕಲಿಯುವ ಮೊದಲೇ ಅದರ ಚಿತ್ರಗಳನ್ನು ಓದಿದರು. ಹೆಗಲ ಮೇಲೆ ಶವ ಹೊತ್ತು, ಕತ್ತಿ ಹಿಡಿದು ನಡೆಯುವ ವಿಕ್ರಮನಿಗೆ ರೂಪ ಕೊಟ್ಟ ಕೆ.ಸಿ. ಶಿವಶಂಕರನ್ 1952ರಲ್ಲಿ ಆ ಬಳಗ ಸೇರಿ, ದಶಕಗಟ್ಟಲೆ ದುಡಿದು, 2020ರಲ್ಲಿ ತೀರಿಕೊಂಡರು. ಅದರ ಮುಖಪುಟಗಳಿಗೆ ಬಣ್ಣ ತುಂಬಿದವರಲ್ಲಿ ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರೂ ಒಬ್ಬರು. ಒಂದೇ ಚಿತ್ರ ಹಲವು ಭಾಷೆಗಳ ಆವೃತ್ತಿಗಳಲ್ಲಿ ಅಚ್ಚಾಗುತ್ತಿತ್ತು. ಕಥೆಗೆ ಅನುವಾದಕ ಬೇಕಾಗುತ್ತಿದ್ದ, ಚಿತ್ರಕ್ಕೆ ಬೇಕಿರಲಿಲ್ಲ. ಚಂದಮಾಮದ ಮುದ್ರಣವೇ ನಿಂತುಹೋಗಿ ಈಗ ಹತ್ತು ವರ್ಷಗಳ ಮೇಲಾಯಿತು. ಇಂದು ಹಳೆಯ ಸಂಚಿಕೆಗಳು ಕೈಯಿಂದ ಕೈಗೆ ಹರಿದಾಡುತ್ತಿದ್ದರೆ ಅದರ ಶ್ರೇಯಸ್ಸಿನ ದೊಡ್ಡ ಪಾಲು ತಮ್ಮ ಮನೆಯ ಕಟ್ಟುಗಳನ್ನು ತಾವೇ ಸ್ಕ್ಯಾನ್ ಮಾಡಿದ ಹವ್ಯಾಸಿಗಳಿಗೆ ಸಲ್ಲಬೇಕು.

ಹವ್ಯಾಸಿಗಳ ಶಕ್ತಿ ಮತ್ತು ಮಿತಿ ಎರಡನ್ನೂ ತೋರುವ ಉದಾಹರಣೆಯೊಂದು ಅಮೆರಿಕದಲ್ಲಿದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಅಲ್ಲಿನ ಗ್ರಂಥಾಲಯಗಳು ಹಳೆಯ ದಿನಪತ್ರಿಕೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿ, ಮೂಲ ಸಂಪುಟಗಳನ್ನು ವಿಲೇವಾರಿ ಮಾಡತೊಡಗಿದವು. ಫಿಲ್ಮು ಕಪ್ಪು-ಬಿಳುಪಿನದು. ಭಾನುವಾರದ ಪುರವಣಿಗಳ ಬಣ್ಣದ ಚಿತ್ರಸರಣಿಗಳ ಗತಿಯೇನಾಯಿತೆಂದು ಊಹಿಸಬಹುದು. ಸ್ಯಾನ್‌ಫ್ರಾನ್ಸಿಸ್ಕೋದ ಬಿಲ್ ಬ್ಲ್ಯಾಕ್‌ಬಿಯರ್ಡ್ ಎಂಬ ಬರಹಗಾರ ಈ ಸಂಪುಟಗಳನ್ನು ಉಳಿಸಲು ಮುಂದಾದಾಗ ಖಾಸಗಿ ವ್ಯಕ್ತಿಗೆ ಕೊಡಲು ನಿಯಮ ಅಡ್ಡಬಂತು. ಆತ 1960ರ ದಶಕದ ಕೊನೆಯಲ್ಲಿ ಲಾಭರಹಿತ ಸಂಸ್ಥೆಯೊಂದನ್ನು ನೋಂದಾಯಿಸಿ, ತನ್ನ ಮನೆಯನ್ನೇ ಅದರ ಕಚೇರಿ ಎಂದು ಘೋಷಿಸಿ, ದೇಶದ ನಾನಾ ಗ್ರಂಥಾಲಯಗಳಿಂದ ಸಂಪುಟಗಳನ್ನು ತರಿಸಿಕೊಂಡ. ಮೂರು ದಶಕಗಳ ಬಳಿಕ ಆ ಸಂಗ್ರಹ ಓಹಿಯೋ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋದಾಗ ಅದರ ತೂಕ 75 ಟನ್. ಸಾಗಿಸಲು ಆರು ದೊಡ್ಡ ಲಾರಿಗಳು ಬೇಕಾದವು. ಹಳೆಯ ಅಮೆರಿಕನ್ ಚಿತ್ರಸರಣಿಗಳು ಮರುಮುದ್ರಣಗೊಳ್ಳಲು ಅನೇಕ ಬಾರಿ ಆಧಾರವಾದದ್ದು ಆತನ ಸಂಗ್ರಹವೇ.

ಆತನೂ ಕತ್ತರಿ ಹಿಡಿದವನೇ. ಸರಣಿಗಳನ್ನು ಅನುಕ್ರಮವಾಗಿ ಜೋಡಿಸಲೆಂದು ಅಸಂಖ್ಯ ಸಂಪುಟಗಳನ್ನು ಬಿಚ್ಚಿ ತುಣುಕು ಮಾಡಿದ. ಸುತ್ತಲಿನ ಸುದ್ದಿ, ಜಾಹೀರಾತುಗಳಿಂದ ಆ ಚಿತ್ರಗಳು ಬೇರ್ಪಟ್ಟವು. ಅದಕ್ಕಾಗಿ ಆತನನ್ನು ದೂಷಿಸಲು ನನಗೆ ಮನಸ್ಸು ಬಾರದು. ಎಲ್ಲವೂ ತಿಪ್ಪೆ ಸೇರುತ್ತಿದ್ದಾಗ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡವನು ಆತ. ಪ್ರಶ್ನೆ ಇರುವುದು, ಅಂಥ ಕೆಲಸವನ್ನು ಒಬ್ಬ ವ್ಯಕ್ತಿಯ ಹುಚ್ಚಿಗೆ ಬಿಟ್ಟ ಸಂಸ್ಥೆಗಳ ಕುರಿತು.

ನನ್ನ ಇಂದಿನ ಅಭ್ಯಾಸ ಬೇರೆ. ಇಡೀ ಪುಟವನ್ನು, ಎರಡೂ ಬದಿಯನ್ನು, ಜಾಹೀರಾತು ಸಹಿತ, ಬಣ್ಣದಲ್ಲಿಯೇ ಅಂಗುಲಕ್ಕೆ 600 ಚುಕ್ಕೆಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡುತ್ತೇನೆ. ಹಳೆಯ ಕಾಗದ ತೆಳು. ಹಿಂಬದಿಯ ಅಚ್ಚು ಇಣುಕದಿರಲೆಂದು ಪುಟದ ಹಿಂದೆ ಕಪ್ಪು ಹಾಳೆ ಇಡಬೇಕು. ಬ್ಲಾಕು ಮಾಡಿ ಅಚ್ಚಾದ ಛಾಯಾಚಿತ್ರವೂ, ಮಸಿಯ ಛಾಯೆಗಳಿರುವ ಚಿತ್ರವೂ ಅಸಲಿಗೆ ಸಣ್ಣ ಚುಕ್ಕೆಗಳ ಜಾಲರಿ. ಕಡಿಮೆ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿದರೆ ಯಂತ್ರದ ಚುಕ್ಕೆಗೂ ಅಚ್ಚಿನ ಚುಕ್ಕೆಗೂ ತಾಳ ತಪ್ಪಿ ರೇಷ್ಮೆ ಸೀರೆಯ ಮೇಲಿನ ಅಲೆಯಂಥ ಪಟ್ಟೆಗಳು ಮೂಡುತ್ತವೆ. ಹಳದಿಗಟ್ಟಿದ ಕಾಗದವನ್ನು ‘ಬೆಳ್ಳಗೆ’ ಮಾಡುವ ಸೌಲಭ್ಯ ಪ್ರತಿ ತಂತ್ರಾಂಶದಲ್ಲೂ ಇದೆ; ಮೂಲ ಕಡತದಲ್ಲಿ ಅದನ್ನು ಮುಟ್ಟುವುದಿಲ್ಲ. ಒಂದು ಸಂಚಿಕೆಗೆ ಒಂದು ಸಂಜೆ ಬೇಕು. ಮನೆಯವರು ಇದನ್ನು ಹವ್ಯಾಸವೆಂದು ಕರೆಯುವುದು ಬರಿಯ ಸೌಜನ್ಯದಿಂದ.

ಭಾನುವಾರಗಳಂದು ಇನ್ನೊಂದು ಕೆಲಸ. ಸಂಗ್ರಹದಿಂದ ಒಂದು ಚಿತ್ರ ಆರಿಸಿ, ನಿಬ್ಬು ಮತ್ತು ಇಂಡಿಯನ್ ಇಂಕಿನಲ್ಲಿ ಅದನ್ನು ನಕಲು ಮಾಡುತ್ತೇನೆ. ಮೊದಮೊದಲು ಅಚ್ಚಾದ ಅಳತೆಯಲ್ಲೇ ಬರೆಯಲು ಹೋಗಿ ಸೋತೆ, ಗೆರೆ ನಡುಗುತ್ತಿತ್ತು. ಒಮ್ಮೆ ಎರಡರಷ್ಟು ದೊಡ್ಡದಾಗಿ ಬರೆದು ನೋಡಿದಾಗ ಕೈ ತಾನಾಗಿ ಓಡಿತು. ಆಗ ಹೊಳೆಯಿತು, ಆ ಕಲಾವಿದರು ದೊಡ್ಡ ಹಾಳೆಯಲ್ಲೇ ಬರೆದಿದ್ದರು, ಬ್ಲಾಕು ಮಾಡುವಾಗ ಚಿತ್ರ ಕುಗ್ಗುತ್ತಿತ್ತು, ಕುಗ್ಗಿದಾಗ ಸಣ್ಣ ಅಂಕುಡೊಂಕುಗಳು ಮಾಯವಾಗಿ ಗೆರೆ ಚೂಪಾಗುತ್ತಿತ್ತು. ಅಂದರೆ ನಾನು ಇಷ್ಟು ಶ್ರದ್ಧೆಯಿಂದ ಸ್ಕ್ಯಾನ್ ಮಾಡುತ್ತಿರುವುದು ಚಿತ್ರದ ನೆರಳನ್ನು ಮಾತ್ರ. ಮೂಲಚಿತ್ರ ಬೇರೆಯೇ ಇತ್ತು.

ಆ ಮೂಲಗಳು ಎಲ್ಲಿ ಹೋದವು? ಕಲಾವಿದನ ಕೈಯಿಂದ ಸಂಪಾದಕರ ಮೇಜಿಗೆ, ಅಲ್ಲಿಂದ ಬ್ಲಾಕ್ ಮೇಕರ್ ಬಳಿಗೆ, ಆನಂತರ ಮುದ್ರಣಾಲಯದ ಮೂಲೆಗೆ. ಸಂಚಿಕೆ ಹೊರಬಂದ ಮೇಲೆ ಅವುಗಳ ಅಗತ್ಯ ಯಾರಿಗೂ ಇರಲಿಲ್ಲ. ಕೇಳಿ ಹಿಂದಕ್ಕೆ ಪಡೆದ ಕಲಾವಿದರು ಕಡಿಮೆ. ಅಪರೂಪಕ್ಕೆ ಸಿಗುವ ಮೂಲಚಿತ್ರವೊಂದನ್ನು ಬೆಳಕಿಗೆ ಹಿಡಿದರೆ ಅಚ್ಚಿನಲ್ಲಿ ಕಾಣದ ಎಷ್ಟೊಂದು ಸಂಗತಿಗಳು! ಬ್ಲಾಕಿನ ಕ್ಯಾಮೆರಾಕ್ಕೆ ಕಾಣಿಸದ ನೀಲಿ ಪೆನ್ಸಿಲಿನ ಕರಡು ಗೆರೆಗಳು, ತಪ್ಪಿದಲ್ಲಿ ಹಚ್ಚಿದ ಬಿಳಿ ಬಣ್ಣ, ಅಂಚಿನಲ್ಲಿ ‘ಎರಡು ಕಾಲಂ’ ಎಂಬ ಸೂಚನೆ. ಒಬ್ಬ ಕಲಾವಿದ ಮುಖವೊಂದನ್ನು ಮೂರು ಸಲ ಅಳಿಸಿ ಬರೆದನೆಂಬುದು ಅಲ್ಲಿ ಮಾತ್ರ ತಿಳಿಯುತ್ತದೆ.

ಕಾನೂನು ಈ ವಿಷಯದಲ್ಲಿ ಕಲಾವಿದನ ವಿರುದ್ಧವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಪತ್ರಿಕೆಯ ನೌಕರನೇ ಆಗಿದ್ದರೂ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಾಲೀಕನಿಗೆ ಸಲ್ಲುವುದು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ. ಉಳಿದ ಕೃತಿಸ್ವಾಮ್ಯ ಬರೆದವನದೇ. ಆ ಹಕ್ಕು ಆತನ ನಿಧನಾನಂತರವೂ 60 ವರ್ಷ ಬಾಳುತ್ತದೆ. ಆದರೆ ಹೆಸರಿಲ್ಲದೆ ಪ್ರಕಟವಾದ ಕೃತಿಗೆ ಎಣಿಕೆ ಆರಂಭವಾಗುವುದು ಪ್ರಕಟಣೆಯ ವರ್ಷದ ಬಳಿಕವೇ. ಅಂದು ಚಿತ್ರದ ಕೆಳಗೆ ಹೆಸರು ಹಾಕದೆ ಬಿಟ್ಟ ಉಪೇಕ್ಷೆ, ಕಲಾವಿದನ ಕುಟುಂಬಕ್ಕೆ ಸಲ್ಲಬೇಕಾದ ಹಕ್ಕಿನ ಆಯುಷ್ಯವನ್ನೂ ಕಡಿಮೆ ಮಾಡೀತು. ನನ್ನಂಥ ಸಂಗ್ರಹಕಾರರಿಗೂ ಇದರಲ್ಲಿ ಎಚ್ಚರಿಕೆಯಿದೆ. ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುವುದು ಒಂದು, ಹಂಚುವುದು ಇನ್ನೊಂದು. ಕುಟುಂಬದವರನ್ನು ಕೇಳದೆ ನಾನು ಈಗ ಯಾವುದನ್ನೂ ಹಂಚುವುದಿಲ್ಲ; ಹಿಂದೆ ಹಂಚಿದ್ದೇನೆ.

ಹಾಗಾದರೆ ಆಗಬೇಕಾದದ್ದೇನು? ಬೆಂಗಳೂರಿನಲ್ಲಿ 2001ರಲ್ಲಿ ಸ್ಥಾಪನೆಯಾದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ಗ್ಯಾಲರಿಯೊಂದನ್ನು ಕಟ್ಟಿ ಪ್ರದರ್ಶನಗಳನ್ನು ನಡೆಸಿಕೊಂಡು ಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಪ್ರದರ್ಶನಶಾಲೆ ಬೇರೆ, ದಾಖಲಾಗಾರ ಬೇರೆ. ನಮ್ಮ ನಗರದಲ್ಲೇ ಬದುಕಿ, ಇಲ್ಲಿನ ಪತ್ರಿಕೆಗಳಿಗೇ ಬರೆದು 2001ರಲ್ಲಿ ಅಕಾಲಕ್ಕೆ ಅಗಲಿದ ಮಾಯಾ ಕಾಮತ್ ಅವರ ವ್ಯಂಗ್ಯಚಿತ್ರಗಳು ಇಂದು ಮುಂಬೈನಲ್ಲಿವೆ. ಮಹಿಳೆಯರ ಕುರಿತ ದಾಖಲೆಗಳನ್ನು ಸಂಗ್ರಹಿಸುವ ಸ್ಪ್ಯಾರೋ ಸಂಸ್ಥೆ ಅವುಗಳನ್ನು ಕಾಪಾಡಿದೆ. ಅವು ಸುರಕ್ಷಿತವಾಗಿವೆ ಎಂಬ ಸಮಾಧಾನದ ಜೊತೆಗೇ, ಇಲ್ಲಿ ಅವಕ್ಕೊಂದು ಜಾಗವಿರಬೇಕಿತ್ತು ಎಂಬ ಕೊರಗೂ ಇದೆ. ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯ 1973ರಲ್ಲಿಯೇ ವ್ಯಂಗ್ಯಚಿತ್ರಗಳಿಗೆ ದಾಖಲಾಗಾರ ತೆರೆಯಿತು. ಓಹಿಯೋದ ಸಂಗ್ರಹ ಮೊದಲ್ಗೊಂಡದ್ದು 1977ರಲ್ಲಿ, ಮಿಲ್ಟನ್ ಕ್ಯಾನಿಫ್ ಎಂಬ ಒಬ್ಬನೇ ವ್ಯಂಗ್ಯಚಿತ್ರಕಾರ ಕೊಟ್ಟ ತನ್ನ ಕಾಗದಪತ್ರಗಳಿಂದ. ಪತ್ರಿಕೋದ್ಯಮ, ದೃಶ್ಯಕಲೆ ಎರಡನ್ನೂ ಕಲಿಸುವ ವಿಶ್ವವಿದ್ಯಾಲಯಗಳು ನಮ್ಮಲ್ಲೂ ಇವೆ. ತೇವವಿಲ್ಲದ ಒಂದು ಕೋಣೆ, ಆಮ್ಲರಹಿತ ಕಾಗದದ ಪೆಟ್ಟಿಗೆಗಳು, ಕನ್ನಡ ಬಲ್ಲ ಒಬ್ಬ ಗ್ರಂಥಪಾಲಕ, ಕಲಾವಿದನ ಹೆಸರಿಗೂ ಕಾಲಂ ಇರುವ ಸೂಚಿ. ಒಂದು ಸಾಂಸ್ಕೃತಿಕ ಉತ್ಸವದ ವೇದಿಕೆಯ ಖರ್ಚಿಗಿಂತ ಇದು ಹೆಚ್ಚಾಗದೆಂದು ನನ್ನ ಎಣಿಕೆ. ಜೊತೆಗೆ, ಸ್ಕ್ಯಾನ್ ಆಯಿತೆಂಬ ಕಾರಣಕ್ಕೆ ಮೂಲಪ್ರತಿಯನ್ನು ವಿಲೇವಾರಿ ಮಾಡಕೂಡದೆಂಬ ನಿಯಮ ಸಾರ್ವಜನಿಕ ಹಣದಿಂದ ನಡೆಯುವ ಪ್ರತಿ ಯೋಜನೆಗೂ ಇರಬೇಕು.

ಗಣಕದಲ್ಲಿದ್ದರೆ ಶಾಶ್ವತ ಎಂದು ನಂಬುವವರಿಗೆ ನನ್ನದೇ ಅನುಭವ ಹೇಳಬಹುದು. 2004ರಲ್ಲಿ ನಾನು ಸಿ.ಡಿ.ಗಳಿಗೆ ತುಂಬಿಸಿಟ್ಟ ಸ್ಕ್ಯಾನ್‌ಗಳಲ್ಲಿ ಅರ್ಧದಷ್ಟು ಇಂದು ತೆರೆಯುವುದಿಲ್ಲ. ಅದೇ ಕಪಾಟಿನಲ್ಲಿದ್ದ 1950ರ ದಶಕದ ಪತ್ರಿಕೆಗಳು ಹಳದಿಯಾಗಿವೆ, ಮುಟ್ಟಿದರೆ ಅಂಚು ಉದುರುತ್ತದೆ, ಆದರೂ ಓದಬಹುದು. ಈಗಿನ ಎಳೆಯ ವ್ಯಂಗ್ಯಚಿತ್ರಕಾರರು ಕಾಗದವನ್ನೇ ಮುಟ್ಟದೆ ನೇರ ಪರದೆಯ ಮೇಲೆ ಬರೆಯುತ್ತಾರೆ. ಅವರ ಮೂಲಚಿತ್ರ ಎಂಬುದು ಯಾವ ಡಿಸ್ಕಿನ ಯಾವ ಕಡತದಲ್ಲಿದೆಯೋ, ಅವರೇ ಹುಡುಕಬೇಕು.

ಕಳೆದ ತಿಂಗಳು ಹಿರಿಯ ಕಲಾವಿದರೊಬ್ಬರ ಮಗಳು ನನ್ನ ಮನೆಗೆ ಬಂದಿದ್ದರು. ತಂದೆ ತೀರಿಕೊಂಡಿದ್ದಾರೆ, ಹಳೆಯ ಮನೆ ಮಾರಾಟವಾಗಿದೆ. ಆಟೋದಲ್ಲಿ ಒಂದು ತಗಡಿನ ಟ್ರಂಕು ತಂದಿದ್ದರು. ಒಳಗೆ ಕಥೆಗಳಿಗೆ ಬರೆದ 140 ಮೂಲಚಿತ್ರಗಳು. ಪ್ರತಿಯೊಂದರ ಹಿಂದೆ ಸಂಚಿಕೆಯ ದಿನಾಂಕ, ಕಥೆಯ ಹೆಸರು, ಬಂದ ಸಂಭಾವನೆ ಪೆನ್ಸಿಲಿನಲ್ಲಿ ನಮೂದಾಗಿತ್ತು. ಕೆಲವದರ ಮುಂದೆ ಸಂಭಾವನೆ ‘ಬಂದಿಲ್ಲ’ ಎಂದಿತ್ತು. ಇದನ್ನು ಯಾವ ಸಂಸ್ಥೆಗೆ ಒಪ್ಪಿಸಬಹುದು ಎಂದು ಅವರು ಕೇಳಿದರು. ಎರಡು ಕಡೆ ದೂರವಾಣಿ ಮಾಡಿ ವಿಚಾರಿಸಿದೆ. ಸ್ಕ್ಯಾನ್ ಮಾಡಿ ಕಳುಹಿಸಿಕೊಡಿ, ಮೂಲ ಇಡಲು ಜಾಗವಿಲ್ಲ ಎಂದರು. ಟ್ರಂಕು ಸದ್ಯಕ್ಕೆ ನನ್ನ ಮಂಚದ ಕೆಳಗಿದೆ. ಚಿತ್ರಗಳನ್ನು ಒಂದೊಂದಾಗಿ ಎಣಿಸಿ, ಅವರ ಹೆಸರಿಗೆ ರಸೀದಿ ಬರೆದುಕೊಟ್ಟಿದ್ದೇನೆ.