ಚೀಟಿ ಇಲ್ಲದ ಅಡಕತ್ತರಿ

ನಮ್ಮ ಅಕ್ಕನಿಗೆ ಎಪ್ಪತ್ತನಾಲ್ಕು ವರ್ಷ. ಊಟದ ನಂತರ ಎಲೆ ಅಡಕೆ ಹಾಕಿಕೊಳ್ಳದಿದ್ದರೆ ಊಟವೇ ಪೂರ್ತಿಯಾಗಲಿಲ್ಲವೆಂದು ಭಾವಿಸುವ ತಲೆಮಾರಿನವಳು. ಕಳೆದ ವರ್ಷ ಮಗಳ ಮನೆಯಲ್ಲಿ ಎರಡು ತಿಂಗಳಿದ್ದು ನನ್ನೊಡನೆ ವಿಮಾನದಲ್ಲಿ ಬೆಂಗಳೂರಿಗೆ ಹಿಂದಿರುಗುತ್ತಿದ್ದಳು. ಹೋಗುವಾಗ ಸೂಟ್‌ಕೇಸಿನಲ್ಲಿದ್ದ ಅಡಕತ್ತರಿ ಬರುವಾಗ ಅವಳ ಕೈಚೀಲ ಸೇರಿತ್ತು. ಊರಿನ ಹೆಸರು ಇಲ್ಲಿ ಬೇಡ. ತಪಾಸಣೆಯ ಸಿಬ್ಬಂದಿ ಅದನ್ನು ಹೊರತೆಗೆದು, ಒಯ್ಯುವಂತಿಲ್ಲವೆಂದು ಸಭ್ಯವಾಗಿಯೇ ಹೇಳಿ, ಕತ್ತರಿ, ಲೈಟರ್, ಬ್ಲೇಡುಗಳು ತುಂಬಿದ್ದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದರು. ಹಿತ್ತಾಳೆ ಹಿಡಿಯ ಆ ಅಡಕತ್ತರಿ ನಮ್ಮ ತಾಯಿಯದು. ಅಕ್ಕ ಗಲಾಟೆ ಮಾಡಲಿಲ್ಲ. ನನ್ನ ಕಡೆ ತಿರುಗಿ, ‘ಅಲ್ಲ ಕಣೋ, ಇದಕ್ಕೆ ಚೀಟಿ ಏನೂ ಕೊಡೋದಿಲ್ವಾ?’ ಎಂದಳು.

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದ ನನಗೆ ಆ ಪ್ರಶ್ನೆ ಚುಚ್ಚಿತು. ನಮ್ಮ ಆಡಳಿತ ಪದ್ಧತಿಯಲ್ಲಿ ಪ್ರಜೆಯಿಂದ ಒಂದು ಕುಡುಗೋಲನ್ನು ವಶಪಡಿಸಿಕೊಳ್ಳಬೇಕಾದರೂ ಮಹಜರು ಬೇಕು, ಪಂಚರು ಬೇಕು, ಸಹಿ ಬೇಕು. ವಿಮಾನ ನಿಲ್ದಾಣದಲ್ಲಿ ಇದಾವುದೂ ಇಲ್ಲ. ಕಾರಣ, ಅಲ್ಲಿ ನಡೆಯುವುದು ಜಪ್ತಿಯಲ್ಲ. ಪ್ರಯಾಣ ಬೇಕೋ ವಸ್ತು ಬೇಕೋ ಎಂಬ ಆಯ್ಕೆಯನ್ನು ಮುಂದಿಟ್ಟಾಗ ಪ್ರಯಾಣಿಕರು ‘ತಾವಾಗಿಯೇ’ ಬಿಟ್ಟುಹೋಗುವುದು. ವಿಮಾನ ಹೊರಡಲು ನಲವತ್ತು ನಿಮಿಷವಿರುವಾಗ ಈ ಆಯ್ಕೆ ಎಷ್ಟು ಮುಕ್ತವಾದದ್ದೆಂಬುದನ್ನು ಅರ್ಥಶಾಸ್ತ್ರ ಓದಿದವರಿಗೆ ವಿವರಿಸಬೇಕಾಗಿಲ್ಲ.

ತಪ್ಪು ನಮ್ಮದೇ ಎಂಬುದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ಹರಿತವಾದ ಅಲಗುಳ್ಳ ವಸ್ತು ಕೈಚೀಲದಲ್ಲಿರಬಾರದು ಎಂಬ ನಿಯಮ ನನಗೆ ಗೊತ್ತಿತ್ತು; ಅಕ್ಕನ ಚೀಲವನ್ನು ನಾನು ನೋಡಲಿಲ್ಲ. ನಿಯಮಗಳೇ ಬೇಡವೆನ್ನುವವರ ಸಾಲಿಗೂ ನಾನು ಸೇರಿದವನಲ್ಲ. 1976ರ ಸೆಪ್ಟೆಂಬರ್ 10ರಂದು ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದರ ಅಪಹರಣವಾದ ಮೇಲೆ, ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಭದ್ರತೆಗೆಂದು ಒಂದು ಘಟಕ ಹುಟ್ಟಿತು. 1985ರ ಜೂನ್‌ನಲ್ಲಿ ‘ಕನಿಷ್ಕ’ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಮಂದಿ ಸತ್ತರು. ಬಾಂಬು ಇದ್ದ ಸೂಟ್‌ಕೇಸು ವಿಮಾನವೇರಿತ್ತು, ಅದರ ಒಡೆಯ ಏರಿರಲಿಲ್ಲ. ಆ ದುರಂತದ ನಂತರ, 1987ರ ಏಪ್ರಿಲ್ 1ರಂದು, ಅದೇ ಘಟಕ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ-814 ಕಂದಹಾರ್ ತಲಪಿತು. 2000ದ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭಿಸಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ ವಿಮಾನ ನಿಲ್ದಾಣಗಳ ಕಾವಲಿಗೆ ಬಂತು. ಪ್ರತಿಯೊಂದು ನಿಯಮದ ಹಿಂದೆಯೂ ಯಾರದೋ ಸಾವಿದೆ. ಅದನ್ನು ಮರೆತು ಮಾತನಾಡುವುದು ಸಲ್ಲದು.

ನನ್ನ ತಕರಾರು ಬೇರೆ. ನಿಯಮವನ್ನು ಹೇಳುವವರು ಅದರ ಕಾರಣವನ್ನು ಹೇಳುವುದಿಲ್ಲ. ಕಾರಣ ತಿಳಿಯದ ನಿಯಮವನ್ನು ಜನ ಪಾಲಿಸುವುದು ಭಯದಿಂದ, ಮರೆಯುವುದು ಸುಲಭವಾಗಿ.

ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಈಗ ಮಗನೋ ಮಗಳೋ ಹೊರಗಿಲ್ಲದ ಮನೆಗಳು ಕಡಿಮೆ. ಇಲ್ಲಿಗೆ ಅಂಗಡಿಯಿಟ್ಟೋ ಕಾರ್ಖಾನೆ ಕೆಲಸಕ್ಕೋ ಬಂದು ನಿವೇಶನ ಕೊಂಡವರು ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ವಿಮಾನ ಹತ್ತುತ್ತಿದ್ದಾರೆ. ದೇವನಹಳ್ಳಿಯ ನಿಲ್ದಾಣ ನಮಗೆ ಸುಮಾರು 40 ಕಿಲೋಮೀಟರ್ ದೂರ. ಮರೆತದ್ದನ್ನು ಮನೆಗೆ ಬಂದು ಇಟ್ಟುಹೋಗುವ ಮಾತೇ ಇಲ್ಲ. ನಿವೃತ್ತ ಅಧಿಕಾರಿಗೆ ಎಲ್ಲ ನಿಯಮವೂ ತಿಳಿದಿರುತ್ತದೆಂಬ ನಂಬಿಕೆಯಿಂದ ಅವರು ಹೊರಡುವ ಮುನ್ನಾದಿನ ನಮ್ಮ ಮನೆಗೆ ಬರುತ್ತಾರೆ; ಕೆಲವರು ಚೀಲವನ್ನೇ ತಂದು ಮಂಚದ ಮೇಲೆ ಬಿಚ್ಚಿಡುತ್ತಾರೆ. ಚಟ್ನಿಪುಡಿ, ಹುಣಸೆತೊಕ್ಕು, ಬೆಣ್ಣೆ ಕಾಸಿದ ತುಪ್ಪ, ಕುಂಕುಮದ ಭರಣಿ, ಕರ್ಪೂರ, ಬೆಂಕಿಪೊಟ್ಟಣ, ಮೊಮ್ಮಗುವಿನ ನಾಮಕರಣಕ್ಕೆಂದು ಎರಡು ಗಿಟಕು ಕೊಬ್ಬರಿ, ಮಗ ಕೊಡಿಸಿದ ಪವರ್ ಬ್ಯಾಂಕ್, ಇನ್ಸುಲಿನ್ ಸೂಜಿ. ಒಂದು ಸಂಸಾರದ ಪ್ರೀತಿಯೆಲ್ಲ ಆ ಮಂಚದ ಮೇಲಿರುತ್ತದೆ. ಅದರಲ್ಲಿ ಅರ್ಧ ಯಾವ ಚೀಲದಲ್ಲಿರಬೇಕೋ ಅಲ್ಲಿರುವುದಿಲ್ಲ.

ಕೊಬ್ಬರಿಯ ವಿಷಯವನ್ನೇ ನೋಡಿ. ‘ಶುಭಕಾರ್ಯಕ್ಕೆ ಒಯ್ಯುವ ಕೊಬ್ಬರಿಯಿಂದ ಏನು ಅಪಾಯ ಸಾರ್?’ ಎಂದು ಕೇಳದವರಿಲ್ಲ. ಉತ್ತರ ತಿಪಟೂರಿನ ಮಂಡಿಯವರಿಗೆ ಗೊತ್ತು. ಒಣಗಿದ ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಗಾಳಿಯಾಡದೆ ರಾಶಿಬಿದ್ದಾಗ ಆ ಎಣ್ಣೆ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಬಿಸಿಯೇರುತ್ತದೆ. ಬಿಸಿ ಹೊರಹೋಗಲು ದಾರಿಯಿಲ್ಲದಿದ್ದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಆದ್ದರಿಂದಲೇ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯಿದೆ, ತಾನಾಗಿ ಉರಿಯುವ ವಸ್ತುಗಳ ವರ್ಗದಲ್ಲಿ ಜಾಗವಿದೆ. ಕರ್ಪೂರವೂ ಅದೇ ಪಟ್ಟಿಯಲ್ಲಿ ಸುಲಭವಾಗಿ ಹೊತ್ತುವ ಘನವಸ್ತು. ಇವೆರಡೂ ಬೆಂಕಿಪೊಟ್ಟಣದ ಜೊತೆ ಮನೆಯಲ್ಲೇ ಉಳಿಯಬೇಕು. ಕೈಚೀಲಕ್ಕೂ ಬೇಡ, ಸೂಟ್‌ಕೇಸಿಗೂ ಬೇಡ. ಇಷ್ಟನ್ನು ಹೇಳಿದರೆ ನಮ್ಮ ಬೀದಿಯ ಹಿರಿಯರು ಮರುಮಾತಿಲ್ಲದೆ ಕೊಬ್ಬರಿಯನ್ನು ತೆಗೆದಿಡುತ್ತಾರೆ. ‘ನಿಷೇಧಿತ’ ಎಂದಷ್ಟೇ ಹೇಳಿದರೆ ಸೀರೆಯ ಮಡಿಕೆಯೊಳಗೆ ಸೇರಿಸುತ್ತಾರೆ.

ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. ನಮಗೆ ಎಳನೀರು ಬೇರೆ, ಕಾಯಿ ಬೇರೆ, ಕೊಬ್ಬರಿ ಬೇರೆ. ಇಂಗ್ಲಿಷಿನ ‘ಕೊಕೊನಟ್’ ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ, ಆಮೇಲೆ ‘ಡ್ರೈ’ ಎಂಬ ವಿಶೇಷಣ ಸೇರಿಸಿ ತಿದ್ದಿಕೊಳ್ಳುತ್ತದೆ. ಟಿಕೆಟ್ಟಿನ ಜೊತೆಯಲ್ಲೇ ಕನ್ನಡದಲ್ಲಿ, ಕನ್ನಡದ ಅಡುಗೆಮನೆಯ ಮಾತಿನಲ್ಲಿ ಒಂದು ಪುಟದ ಪಟ್ಟಿ ಬಂದರೆ ಎಷ್ಟೋ ಗೊಂದಲ ಮನೆಯಲ್ಲೇ ಬಗೆಹರಿಯುತ್ತದೆ. ಇದು ಭಾಷಾಭಿಮಾನದ ಬೇಡಿಕೆಯಲ್ಲ. ತಪಾಸಣೆಯ ಸಾಲಿನಲ್ಲಿ 300 ಮಂದಿ ನಿಂತಿದ್ದಾರೆಂದುಕೊಳ್ಳಿ. ಹತ್ತರಲ್ಲಿ ಒಬ್ಬರ ಚೀಲವನ್ನು ಮತ್ತೆ ಬಿಚ್ಚಲು ತಲಾ ಎರಡು ನಿಮಿಷ ಹಿಡಿದರೂ ಒಂದು ಮೇಜಿನ ಪೂರ್ತಿ ಒಂದು ಗಂಟೆ ಹೋಯಿತು. ನಿಯಮ ಮಾಡುವವರ ಖರ್ಚಿನ ಪಟ್ಟಿಯಲ್ಲಿ ಈ ಗಂಟೆ ಬರುವುದಿಲ್ಲ, ಏಕೆಂದರೆ ಅದನ್ನು ತೆರುವವರು ಸಾಲಿನಲ್ಲಿ ನಿಂತವರು.

ಪವರ್ ಬ್ಯಾಂಕಿನ ಕಥೆ ಇದಕ್ಕೆ ತಿರುಗುಮುರುಗು. ಅಲಗು ಸೂಟ್‌ಕೇಸಿನಲ್ಲಿ ಹೋಗಬೇಕು, ಬ್ಯಾಟರಿ ಮಾತ್ರ ಕೈಯಲ್ಲೇ ಇರಬೇಕು. ಹಿರಿಯರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಬೆಂಕಿ ಹತ್ತುವಂಥದ್ದನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕೇ? ಹೌದು. ಲಿಥಿಯಂ ಬ್ಯಾಟರಿ ಹೊಗೆಯಾಡಿದರೆ ಪ್ರಯಾಣಿಕರ ನಡುವೆ ಅದು ಕಣ್ಣಿಗೆ ಬೀಳುತ್ತದೆ, ಆರಿಸಲು ಸಿಬ್ಬಂದಿಯಿದ್ದಾರೆ. ಕೆಳಗಿನ ಸರಕಿನ ಕೋಣೆಯಲ್ಲಿ ನೋಡುವವರಿಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್‌ಹೇ ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿದ್ದ ಏರ್ ಬೂಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ತಲೆಯ ಮೇಲಿನ ಪೆಟ್ಟಿಗೆಯಲ್ಲಿದ್ದ ಪವರ್ ಬ್ಯಾಂಕ್ ಕಾರಣವಿರಬಹುದೆಂದು ತನಿಖೆ ಸೂಚಿಸಿತು. ಅದೇ ಮಾರ್ಚ್‌ನಿಂದ ಆ ದೇಶದಲ್ಲಿ ಅದನ್ನು ಮೇಲಿನ ಪೆಟ್ಟಿಗೆಯಲ್ಲಿಡುವಂತಿಲ್ಲವೆಂದಾಯಿತು. ಅಂತರರಾಷ್ಟ್ರೀಯ ಮಿತಿ 100 ವ್ಯಾಟ್-ಗಂಟೆ. ಅಲ್ಲಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಪೊಟ್ಟಣದ ಮೇಲಿರುವುದು ಮಿಲಿಆಂಪಿಯರ್ ಸಂಖ್ಯೆಯಾದರೆ ಅದನ್ನು 1,000ದಿಂದ ಭಾಗಿಸಿ 3.7ರಿಂದ ಗುಣಿಸಿ: 20,000 ಎಂದಿದ್ದರೆ 74 ವ್ಯಾಟ್-ಗಂಟೆ, ಚಿಂತೆಯಿಲ್ಲ. ಅಂಕಿ ಅಳಿಸಿಹೋಗಿರುವ ಹಳೆಯ ಪವರ್ ಬ್ಯಾಂಕನ್ನು ಮನೆಯಲ್ಲಿ ಬಿಡುವುದೇ ಲೇಸು. ಇನ್ಸುಲಿನ್ ಕೂಡ ವೈದ್ಯರ ಚೀಟಿಯ ಸಮೇತ ಕೈಯಲ್ಲೇ ಇರಬೇಕು. ಸೂಟ್‌ಕೇಸು ಬೇರೆ ಊರಿಗೆ ಹೋದರೆ ಸಕ್ಕರೆ ಕಾಯಿಲೆ ಅದಕ್ಕಾಗಿ ಕಾಯುವುದಿಲ್ಲ.

ತುಪ್ಪ, ತೊಕ್ಕುಗಳ ಪಾಡು ವಿದೇಶ ಪ್ರಯಾಣದಲ್ಲಿ. 2006ರ ಆಗಸ್ಟ್ 10ರಂದು ಲಂಡನ್ನಿನಲ್ಲಿ, ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ಒಯ್ಯುವ ಸಂಚು ಬಯಲಾದ ನಂತರ 100 ಮಿಲಿಲೀಟರಿನ ಮಿತಿ ಬಂತು. ಅಮೆರಿಕಕ್ಕೆ ಹೊರಟವರ ಚಟ್ನಿಪುಡಿಯೂ, 2018ರ ಜೂನ್ ಅಂತ್ಯದಿಂದ, 350 ಮಿಲಿಲೀಟರ್ ಪ್ರಮಾಣವನ್ನು ಮೀರಿದರೆ ಕೈಚೀಲದಲ್ಲಿ ಹೆಚ್ಚಿನ ತಪಾಸಣೆಗೆ ಗುರಿಯಾಗುತ್ತದೆ. ಇವೆಲ್ಲ ಸೂಟ್‌ಕೇಸಿಗೆ ಹೋಗಲಿ, ಮುಚ್ಚಳಕ್ಕೆ ಟೇಪು ಸುತ್ತಿ. ಹೆಚ್ಚು ಹೇಳುವುದೇನಿಲ್ಲ.

ಹೇಳಬೇಕಾದದ್ದು ತೆಂಗಿನಕಾಯಿಯ ಬಗ್ಗೆ. ಇಡೀ ಕಾಯಿಯನ್ನು ಕೈಚೀಲದಲ್ಲಿ ಒಯ್ಯಲು ನಮ್ಮಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ. ಶಬರಿಮಲೆ ಯಾತ್ರಿಕರ ಇರುಮುಡಿಯಲ್ಲಿ ಕಾಯಿ ಇರಲೇಬೇಕು, ಇರುಮುಡಿ ಸರಕಿನ ಕೋಣೆಗೆ ಹೋಗುವಂತಿಲ್ಲ. 2022ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಭದ್ರತಾ ಬ್ಯೂರೋ ಇದಕ್ಕೆ ವಿನಾಯಿತಿ ಕೊಟ್ಟಿತು. ಎರಡು ಸಲವೂ ಮಕರಜ್ಯೋತಿಯ ನಂತರದ ಜನವರಿ 20ರವರೆಗೆ. ಕ್ಷಕಿರಣ ಯಂತ್ರ, ಸ್ಫೋಟಕದ ಕಣ ಪತ್ತೆಹಚ್ಚುವ ಉಪಕರಣ, ಕೈಯಿಂದ ತಪಾಸಣೆ, ಈ ಮೂರೂ ಆದ ಮೇಲೆ ಕಾಯಿ ಒಳಗೆ ಹೋಗಬಹುದು ಎಂಬುದು 2024ರ ಷರತ್ತು. ಅದೇ ರೀತಿ 15.24 ಸೆಂಟಿಮೀಟರ್ ಮೀರದ ಅಲಗಿನ ಕಿರ್ಪಾಣನ್ನು ಸಿಖ್ ಪ್ರಯಾಣಿಕರು ದೇಶದೊಳಗಿನ ವಿಮಾನಗಳಲ್ಲಿ ಧರಿಸಬಹುದು. ಈ ವಿನಾಯಿತಿಗಳಿಗೆ ನನ್ನ ಆಕ್ಷೇಪವಿಲ್ಲ. ಶ್ರದ್ಧೆಗೆ ಗೌರವ ಸಲ್ಲಬೇಕಾದದ್ದೇ. ಆದರೆ ಅವು ಒಂದು ಸಂಗತಿಯನ್ನು ಬಯಲುಮಾಡುತ್ತವೆ. ಕೇಳುವವರು ಸಂಘಟಿತರಾಗಿದ್ದರೆ ಸರ್ಕಾರಕ್ಕೆ ದಾರಿ ಹೊಳೆಯುತ್ತದೆ. ಅಡಕತ್ತರಿ ಇಟ್ಟುಕೊಂಡ ಮುದುಕಿಯರಿಗೆ ಸಂಘವಿಲ್ಲ. ಇನ್ನೊಂದು ಮಾತು: ವಿನಾಯಿತಿಗೆ ಕೊನೆಯ ದಿನಾಂಕವಿದೆ, ನಿಷೇಧಕ್ಕಿಲ್ಲ.

‘ಮುಂದಿನ ಆದೇಶದವರೆಗೆ’ ಎಂಬ ಪದಪುಂಜವನ್ನು ನಾನೂ ಎಷ್ಟೋ ಕಡತಗಳಲ್ಲಿ ಬರೆದಿದ್ದೇನೆ. ಆ ಮುಂದಿನ ಆದೇಶ ಸಾಮಾನ್ಯವಾಗಿ ಬರುವುದಿಲ್ಲ, ಏಕೆಂದರೆ ನಿಯಮ ಸೇರಿಸಿದ ಅಧಿಕಾರಿಗೆ ಅಪಾಯವಿಲ್ಲ, ತೆಗೆದವನಿಗೆ ಇದೆ. ನಾಳೆ ಏನಾದರೂ ಆದರೆ ಸಹಿ ಯಾರದೆಂದು ನೋಡುತ್ತಾರೆ. ಆದರೂ ತೆಗೆದ ಉದಾಹರಣೆಗಳಿವೆ. ಕೈಚೀಲದ ಚೀಟಿಗೆ ಮುದ್ರೆ ಹಾಕುವ ಪದ್ಧತಿ ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಹತ್ತಿಳಿದವರಿಗೆ ನೆನಪಿರಬಹುದು. ಮುದ್ರೆ ಬೀಳದ ಒಂದು ಚೀಟಿಗಾಗಿ ವಿಮಾನದ ಬಾಗಿಲಿನಿಂದ ಹಿಂದಕ್ಕೆ ಓಡಿದವರಲ್ಲಿ ನಾನೂ ಒಬ್ಬ. 2017ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ ಏಳು ನಿಲ್ದಾಣಗಳಲ್ಲಿ ಅದನ್ನು ಕೈಬಿಟ್ಟರು. ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಕತ್ತರಿಯ ನಿಷೇಧ 2005ರ ಡಿಸೆಂಬರ್‌ನಲ್ಲಿ ಹೋಯಿತು, ಬೂಟು ಬಿಚ್ಚಿಸುವ ಕ್ರಮ 2025ರ ಜುಲೈನಲ್ಲಿ. ನಮ್ಮ ರಾಜ್ಯವೇ 1979ರಲ್ಲಿ ಆಕ್ಟ್ರಾಯ್ ರದ್ದು ಮಾಡಿತು. ನಗರಸಭೆಗಳು ಮುಳುಗಿಯೇ ಹೋಗುತ್ತವೆ ಎಂದವರಿದ್ದರು. ಪ್ರವೇಶ ತೆರಿಗೆಯೆಂಬ ಬದಲಿ ದಾರಿಯನ್ನು ಆಗಲೇ ಕಂಡುಕೊಂಡರು. ಊರ ಬಾಗಿಲಲ್ಲಿ ಪ್ರತಿ ಗಾಡಿಯನ್ನೂ ನಿಲ್ಲಿಸಿ ಮೂಟೆ ಬಿಚ್ಚಿಸುವುದು ಮಾತ್ರ ನಿಂತಿತು. ಮಾಗಡಿ ರಸ್ತೆಯ ನಮ್ಮ ಟೋಲ್‌ಗೇಟಿನಲ್ಲಿ ಇಂದು ಗೇಟೂ ಇಲ್ಲ, ಸುಂಕವೂ ಇಲ್ಲ, ಬಸ್ ನಿಲ್ದಾಣದ ಹೆಸರೊಂದು ಉಳಿದಿದೆ.

ನಿಷೇಧಿತ ವಸ್ತುಗಳ ಪಟ್ಟಿಯನ್ನು ಎರಡು ವರ್ಷಕ್ಕೊಮ್ಮೆ ಸಾರ್ವಜನಿಕವಾಗಿ ಪರಿಶೀಲಿಸಿ, ಉಳಿಸಿಕೊಂಡ ಪ್ರತಿಯೊಂದು ವಸ್ತುವಿನ ಮುಂದೆ ಒಂದು ಸಾಲಿನ ಕಾರಣವನ್ನು ಅಚ್ಚುಹಾಕಿಸುವುದು ಅಸಾಧ್ಯವಾದ ಕೆಲಸವಲ್ಲ. ತಪಾಸಣೆಯ ಮೇಜಿನ ಪಕ್ಕದಲ್ಲಿ ಅಂಚೆಯ ಲಕೋಟೆಗಳನ್ನಿಟ್ಟು, ವೆಚ್ಚವನ್ನು ಪ್ರಯಾಣಿಕರೇ ಭರಿಸುವಂತೆ ಮಾಡಿದರೆ ಇಲಾಖೆಗೆ ಪೈಸೆಯ ಹೊರೆಯಿಲ್ಲ. ವಸ್ತು ವಿಮಾನವೇರದಿದ್ದರೂ ಮನೆ ಸೇರುತ್ತದೆ. ಅದೂ ಆಗದ ಕಡೆ, ಏನನ್ನು ಬಿಟ್ಟುಹೋದರೆಂದು ಬರೆದ ಒಂದು ಚೀಟಿ. ಅದಕ್ಕೆ ಬೆಲೆಯಿಲ್ಲವೆಂದು ನಿಮಗನ್ನಿಸಿದರೆ, ಡಬ್ಬದ ಮುಂದೆ ನಿಂತಿದ್ದ ಅಕ್ಕನ ಮುಖವನ್ನು ನೀವು ನೋಡಬೇಕಿತ್ತು.

ಬರುವ ತಿಂಗಳು ಅವಳು ಮತ್ತೆ ಮಗಳ ಮನೆಗೆ ಹೊರಟಿದ್ದಾಳೆ. ಅವೆನ್ಯೂ ರಸ್ತೆಯ ಅಂಗಡಿಯಲ್ಲಿ ಹೊಸ ಅಡಕತ್ತರಿ ಕೊಂಡುತಂದೆ, ಹಿಡಿ ಹಿತ್ತಾಳೆಯದಲ್ಲ. ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟಿದ್ದೇನೆ. ದಾರಿಗೆಂದು ಅಡಕೆಯನ್ನು ಮೊದಲೇ ಹೋಳು ಮಾಡಿ ಚಿಕ್ಕ ಡಬ್ಬಿಯಲ್ಲಿ ತುಂಬಿ ಕೈಚೀಲಕ್ಕೆ ಹಾಕಿದ್ದಾಗಿದೆ. ನಿನ್ನೆ ಸಂಜೆ ಅಕ್ಕ ಆ ಅಡಕತ್ತರಿಯನ್ನು ಬಿಚ್ಚಿ ಒಮ್ಮೆ ಒತ್ತಿ ನೋಡಿ, ‘ಇದು ಹೋದರೆ ಚಿಂತೆಯಿಲ್ಲ ಬಿಡು’ ಎಂದು ಮತ್ತೆ ಸುತ್ತಿಟ್ಟಳು.