ಹಳಿ ಹೋದ ಮೇಲೆ ಉಳಿದ ನೆಲ

ಕಡೂರು ತಾಲ್ಲೂಕಿನ ಸಿಂಗಟಗೆರೆಗೆ ರೈಲು ಬರಲಿಲ್ಲ. ಅದೇ ಜಿಲ್ಲೆಯ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಸಂಸ್ಥಾನದ ಕಾಲದಲ್ಲಿ ಎರಡಡಿ ಅಗಲದ ಕಿರುಹಳಿಯ ರೈಲು ಬಂದಿತ್ತು, ಅದೂ ಹೋಯಿತು. ರೈಲು ಬಾರದ ಊರಿನ ಕೊರತೆಯನ್ನು ಎಲ್ಲರೂ ಬಲ್ಲರು. ರೈಲು ಬಂದು ಹೋದ ಕಡೆಯಲ್ಲಿ ಉಳಿದ ನೆಲ ಏನಾಯಿತೆಂದು ಕೇಳುವವರು ಮಾತ್ರ ವಿರಳ. ಆ ಪ್ರಶ್ನೆಯನ್ನು ನಾವು ಇಂದು ಕೇಳಬಯಸುತ್ತೇವೆ.

ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಜಾರುವ ಸ್ವಭಾವದ್ದು. ಆದುದರಿಂದ ರೈಲುದಾರಿಯನ್ನು ಕಟ್ಟಿದವರು ತಗ್ಗನ್ನು ತುಂಬಿ, ದಿಣ್ಣೆಯನ್ನು ಕಡಿದು, ಏರನ್ನು ಆದಷ್ಟು ಮಂದವಾಗಿರಿಸಿದರು. ಕಡಿದಾದ ಪಶ್ಚಿಮ ಘಟ್ಟದಲ್ಲಿಯೂ ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದ ಏರು 50 ಅಡಿಗೆ 1 ಅಡಿಯಷ್ಟೇ. ಇಂತಹ ದಾರಿಯಲ್ಲಿ ಬಾಲಕರೂ ವೃದ್ಧರೂ ದಣಿವಿಲ್ಲದೆ ಬೈಸಿಕಲ್ ತುಳಿಯಬಲ್ಲರು. ಇದನ್ನರಿತ ದೇಶಗಳು ಹಳಿ ಕಿತ್ತ ನೆಲವನ್ನು ಹಾಳುಗೆಡವಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್–ಬಾತ್ ಮಾರ್ಗ 1979 ರಿಂದ 1986 ರೊಳಗೆ ಬೈಸಿಕಲ್ ದಾರಿಯಾಯಿತು. ನ್ಯೂಜಿಲೆಂಡಿನ ಓಟಾಗೊ ಪ್ರಾಂತದಲ್ಲಿ 1990 ರಲ್ಲಿ ನಿಂತ ರೈಲಿನ ಹಾದಿ 2000 ದಲ್ಲಿ ಸುಮಾರು 150 ಕಿಲೋಮೀಟರುಗಳ ಬೈಸಿಕಲ್ ಮಾರ್ಗವಾಗಿ, ಸೊರಗಿದ್ದ ಹಳ್ಳಿಗಳಿಗೆ ಜೀವ ತಂದಿತು. ಅಲ್ಲಿಯ ಕುಟುಂಬಗಳು ವಸತಿಮೋಟಾರಿನ ಬೆನ್ನಿಗೆ ಬೈಸಿಕಲ್ಲುಗಳನ್ನು ಕಟ್ಟಿಕೊಂಡು ಬಂದು ಇಂತಹ ದಾರಿಗಳ ಬಳಿ ತಂಗುವುದುಂಟು.

ಇದು ಪರದೇಶದ ಷೋಕಿ ಎಂದು ಕೆಲವರು ನಗಬಹುದು. ಕಮಾನುಗಾಡಿಯಲ್ಲಿ ಪಾತ್ರೆಪಡಗ, ಅಕ್ಕಿಬೇಳೆಗಳನ್ನು ಹೇರಿಕೊಂಡು ಜಾತ್ರೆಗೆ ಹೊರಟು, ತೋಪಿನಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿ, ಗಾಡಿಯ ಕೆಳಗೆ ಮಲಗುತ್ತಿದ್ದವರು ನಮ್ಮ ಅಜ್ಜಂದಿರೇ ಅಲ್ಲವೆ? ವಸತಿಮೋಟಾರು ಆ ಗಾಡಿಯ ಮೊಮ್ಮಗ. ನೆರೆಯ ಕೇರಳವು 2021 ರಲ್ಲಿಯೇ ಅದಕ್ಕೊಂದು ಸರ್ಕಾರಿ ಯೋಜನೆಯನ್ನು ಹೂಡಿತು. ಆದರೆ ನಾವು ಬೇಡುವುದು ಪ್ರವಾಸಿಗಳಿಗಾಗಿ ಮಾತ್ರವಲ್ಲ. ನಮ್ಮ ಸರ್ಕಾರ 2006-07 ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಹಂಚತೊಡಗಿತು. ಬೈಸಿಕಲ್ ಕೊಟ್ಟರು, ದಾರಿ ಕೊಡಲಿಲ್ಲ. ಹಳ್ಳಿಯ ಹುಡುಗಿ ಇಂದಿಗೂ ಲಾರಿಗಳ ಪಕ್ಕದಲ್ಲಿ ಜೀವವನ್ನು ಕೈಯಲ್ಲಿ ಹಿಡಿದು ಶಾಲೆಗೆ ಹೋಗುತ್ತಾಳೆ.

ರೈಲಿಲ್ಲದ ಊರುಗಳಿಗೆ ಮೊದಲು ರೈಲನ್ನು ತರಬೇಕು, ಇದ್ದ ರೈಲುನೆಲವನ್ನು ಬೈಸಿಕಲ್ಲಿಗೆ ಬಿಡುವುದೇಕೆ ಎಂಬ ಆಕ್ಷೇಪಣೆ ಉಂಟು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬರಲು 2013 ರ ವರೆಗೆ ಕಾಯಬೇಕಾದ ಜಿಲ್ಲೆಯಲ್ಲಿ ಈ ಮಾತಿಗೆ ತೂಕವಿದೆ. ಆದರೆ ಉತ್ತರವೂ ಅದರಲ್ಲಿಯೇ ಅಡಗಿದೆ. ಅಮೆರಿಕದ 1983 ರ ಶಾಸನದಂತೆ, ನಿಂತ ರೈಲಿನ ನೆಲವನ್ನು ತುಂಡಾಗದಂತೆ ಸಾರ್ವಜನಿಕರ ಹಾದಿಯಾಗಿ ಕಾಪಾಡಿ, ಮುಂದೆ ಅಗತ್ಯಬಿದ್ದರೆ ರೈಲಿಗೆ ಮರಳಿಸಬಹುದು. ದಾರಿಯಾಗಿ ಉಳಿದ ನೆಲಕ್ಕೆ ರೈಲು ಮರಳೀತು. ನಿವೇಶನಗಳಾಗಿ ಹಂಚಿಹೋದ ನೆಲಕ್ಕೆ ಎಂದಿಗೂ ಮರಳದು.

ಎಲ್ಲ ಹಳೆಯ ಹಾದಿಯೂ ಇದಕ್ಕೆ ಒದಗುವುದೆಂದು ನಾವು ಹೇಳುವುದಿಲ್ಲ. ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟು ಎದ್ದ ಮೇಲೆ ಆ ಸೀಮೆಯ ನಕ್ಷೆಯೇ ಬದಲಾಯಿತು. ಕಾಡು ಹುಲಿಗಳ ರಕ್ಷಿತ ನೆಲೆಯಾಯಿತು. ಅಲ್ಲಿ ವನ್ಯಮೃಗಗಳ ಹಕ್ಕೇ ಮೊದಲು. ರೈಲು ಓಡುತ್ತಿರುವ ಘಟ್ಟದ ಮಾರ್ಗದಲ್ಲಿ ನಡೆದಾಡುವುದು ಅಪಾಯವೂ ಹೌದು, ಅಪರಾಧವೂ ಹೌದು. ಆದರೆ ಕಿರಿಯ ಹಳಿಗಳನ್ನು ಅಗಲಿಸುವಾಗ ತಿರುವುಗಳನ್ನು ನೇರಗೊಳಿಸಿದ ಕಡೆಗಳಲ್ಲಿ, ಬಿಟ್ಟುಹೋದ ನಿಲ್ದಾಣಗಳ ಅಂಗಳಗಳಲ್ಲಿ ಉಳಿದಿರುವ ನೆಲ ಯಾರ ಲೆಕ್ಕದಲ್ಲಿದೆ?

ರೆವಿನ್ಯೂ ಇಲಾಖೆಯವರೂ ರೈಲ್ವೆಯವರೂ ಕೂಡಿ ಇಂತಹ ನೆಲವನ್ನು ತಾಲ್ಲೂಕುವಾರು ಅಳೆದು, ಪಟ್ಟಿಯನ್ನು ಪ್ರಕಟಿಸಲಿ. ಪಟ್ಟಿ ಹೊರಬೀಳುವವರೆಗೆ ಒಂದು ಗುಂಟೆಯನ್ನೂ ಮಾರದಿರಲಿ, ಗುತ್ತಿಗೆಗೆ ಕೊಡದಿರಲಿ. ಪ್ರಜೆಗಳ ಹಣದಿಂದ ಸಮವಾದ ನೆಲ ಅದು. ಬಲಿಷ್ಠರ ಬೇಲಿಯೊಳಗೆ ಅದು ಸೇರಿಹೋದ ಮೇಲೆ ಮರುಗಿ ಫಲವಿಲ್ಲ.